ಎಣ್ಣಿ ಹೊಡೆಯುವ ದ್ಯಾವಪ್ಪ

ಆ ವರ್ಷ ತುರ್ವಿಹಾಳದ ಅಮರಗುಂಡಪ್ಪ ಸಾವಕಾರರ ಭತ್ತಕ್ಕೆ ಹುಳ ಬಿದ್ದು, ಕೂಲಿಕಾರ ದ್ಯಾವಪ್ಪನ ಬೆನ್ನಿನಿಂದ ಔಷಧ ಸಿಂಪಡಿಸುವ ಪಂಪು ಇಳಿಯಲೇ ಇಲ್ಲ. ವಿಷ ಸೋರಿ ಬೆನ್ನಿನ ಚರ್ಮ ಸುಲಿದಿತ್ತು. ಈಗ ಬಲಪಕ್ಕೆಯ ಕೆಳಗೆ ನೋವು. ಉಂಡದ್ದು ನಿಲ್ಲುತ್ತಿರಲಿಲ್ಲ.

ಸಿಂಧನೂರಿನ ಖಾಸಗಿ ದವಾಖಾನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಲಿವರ್ ಸಂಶೋಧನೆಗೆ ಬಂದಿದ್ದರು. ಪರೀಕ್ಷೆಗೆಂದು ಕೂಲಿಕಾರರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ಬಂದವರು ಸಾವಕಾರರೇ. ಸೂಜಿ ಚುಚ್ಚಿ ದ್ಯಾವಪ್ಪನ ಲಿವರಿನ ಚೂರು ತೆಗೆದು, ಮಂಚದ ಮೇಲೆ ಅಲುಗಾಡದಂತೆ ಮಲಗಿಸಿದರು. ಚೂರಿನಲ್ಲಿ ಜೀವ ಇರುವಾಗಲೇ ಬಣ್ಣ ಹಾಕಿ, ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ ಅವನ ಹೆಂಡತಿ ಗ್ಯಾನಮ್ಮನಿಗೂ ತೋರಿಸಿದರು. ಕಪ್ಪಿನೊಳಗೆ ಬಂಗಾರದಂಥ ಹನಿಗಳು ಹೊಳೆಯುತ್ತಿದ್ದವು.

"ಇವೇನ್ರಿ?"

"ಜೀವಕೋಶದೊಳಗಿನ ಕೊಬ್ಬು. ಈ ಬಣ್ಣ ಕೊಬ್ಬಿಗೆ ಸೇರಿದಾಗ ಹೀಗೆ ಹೊಳೆಯುತ್ತೆ. ಇಷ್ಟೊಂದು ಇರಬಾರದು."

"ಬಣ್ಣದಿಂದ ಆರಾಮ ಆಕೈತೇನ್ರಿ?"

"ಇಲ್ಲಮ್ಮ, ಇದು ನೋಡೋಕಷ್ಟೆ. ನಿನ್ನ ಗಂಡನಿಗೆ ಕುಡಿಯೋದು ಬಿಡಿಸು."

ಗ್ಯಾನಮ್ಮ ದಂಗಾದಳು. "ಆತ ಸೆರೆ ಮುಟ್ಟಿದಾಂವನ ಅಲ್ರಿ!"

"ಬೆಳಿಗ್ಗೆ ನೀನೇ ಹೇಳಿದೆಯಲ್ಲ, ದಿನಾ ಎಣ್ಣೆ ಹೊಡೀತಾನೆ ಅಂತ?"

"ಅಯ್ಯ ಶಿವನ! ನಮ್ಮ ಕಡಿ ಎಣ್ಣಿ ಹೊಡ್ಯಾದಂದ್ರ ಭತ್ತಕ್ಕ ಹುಳದ ಔಷಧ ಹೊಡ್ಯಾದ್ರಿ. ಸಾವಕಾರ್ರೂ ಅಲ್ಲೇ ನಿಂತು ಕೇಳಿದ್ರಲ್ರಿ, ಯಾಕ ಹೇಳ್ಲಿಲ್ಲ?"

ಬಾಗಿಲಲ್ಲಿದ್ದ ಅಮರಗುಂಡಪ್ಪ ನಕ್ಕರು. "ಇವ್ರೆಲ್ಲ ಕುಡ್ಯಾ ಮಂದಿನ ಬಿಡ್ರಿ ಸಾಹೇಬ್ರ. ಮುಂದಿನಾಂವನ್ನ ಕರೀರಿ."

ಡಾಕ್ಟರಿಗೆ ಸಾವಕಾರರ ಮಾತಿನ ಮೇಲೆ ಅನುಮಾನ ಬಂದದ್ದು ಮುಖದಲ್ಲೇ ಕಂಡಿತು. ಆದರೂ, "ಬಣ್ಣ ಕೊಬ್ಬನ್ನ ತೋರಿಸುತ್ತೆ, ಕಾರಣ ಹೇಳಲ್ಲ," ಎಂದು ಗೊಣಗಿ ಇನ್ನೊಂದು ಸೂಜಿ ಎತ್ತಿಕೊಂಡರು.

ಗ್ಯಾನಮ್ಮ ಸಾವಕಾರರನ್ನು ದಾಟಿ ಪಡಸಾಲೆಗೆ ಬಂದಳು. ಅಂಗಿ ಬಿಚ್ಚಿ ಕುಳಿತವರೆಲ್ಲ ಎಣ್ಣಿ ಹೊಡೆಯುವವರೇ.

"ಏಳ್ರಿ! ನಾವು ಕುಡುಕ್ರಂತ! ಹೊಲದಾಗಿನ ವಿಷದ ಮಾತ ಎತ್ತವಲ್ರು."

ಹುಟ್ಟಿದಾಗಿನಿಂದ ಸೆರೆಯ ಅಂಗಡಿ ಮೆಟ್ಟಿಲು ಹತ್ತದ ದಾದೇಸಾಬ ಮೊದಲು ಎದ್ದ. "ಹಂಗಾದ್ರ ನಾನೂ ಕುಡುಕನೇನವ್ವ?" ಅಂಗಿ ತೊಟ್ಟುಕೊಂಡ. ಉಳಿದವರೂ ಎದ್ದರು.

"ಕುಂದರ್ರಲೇ! ನಾಳಿ ಕೆಲಸ ಬ್ಯಾಡೇನು?" ಅಮರಗುಂಡಪ್ಪ ಒದರಿದರು.

ಯಾರೂ ಕೂಡಲಿಲ್ಲ. ಹೊರಗೆ ಹೋಗಿ ಡಾಕ್ಟರ ಜೀಪಿನ ಮುಂದೆ ಸಾಲಾಗಿ ಕುಂತರು. ಡಾಕ್ಟರು ಓಡಿ ಬಂದರು. "ಏನಮ್ಮ ಇದು? ನಾನು ಸಂಜೆ ಬೆಂಗಳೂರಿಗೆ ಹೊರಡಬೇಕು!"

ಗ್ಯಾನಮ್ಮ ಸೆರಗು ಬಿಗಿದು ನಡುವೆ ಕುಂತಳು.

"ನನ್ನ ಗಂಡ ಒಳಗ ಮಲಗ್ಯಾನಲ್ರಿ, ಆತ ಆರಾಮಾಗಿ ಎದ್ದು ನಡದು ಬರಲಿ. ಅಲ್ಲಿತನ ನೀವೂ ಹೋಗಂಗಿಲ್ಲ."