ಬಿಸಿಯಿದ್ದ ಬಾನೆಟ್

ತಂಗಿ ಕಾರನ್ನು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿ, ಕೀಲಿಯನ್ನು ನನ್ನ ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಇಟ್ಟಳು. ಸಿಟ್ಟು ಬಂದರೆ ಅವಳು ಹಾಗೆಯೇ. ಚಿಕ್ಕಂದಿನಲ್ಲೂ ನನ್ನ ಮೇಲೆ ಮುನಿಸಿಕೊಂಡಾಗ ತಟ್ಟೆಯನ್ನು ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲೆ ಇಟ್ಟು ಹೋಗಿಬಿಡುತ್ತಿದ್ದಳು.

"ಅಣ್ಣ, ಇದು ತಡೆಯುತ್ತೆ," ಅಂದಳು. "ಆಫ್ ಆಗಲ್ಲ. ಕಾಲು ಒತ್ತಿದ್ರೆ ಒಂದು ಗಳಿಗೆ ಸುಮ್ನೆ ನಿಂತ್ಕೊಳ್ಳುತ್ತೆ. ಆಮೇಲೆ ಎಗರುತ್ತೆ."

ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ಅವಳ ಬೀದಿ ದೊಡ್ಡ ರಸ್ತೆಗೆ ಸೇರುವ ಕಡೆ ಎಡಬಲ ನೋಡಿಯೇ ಕಾರು ನುಗ್ಗಿಸಿದ್ದಳಂತೆ. ಅರ್ಧ ರಸ್ತೆಗೆ ಬಂದ ಕಾರು ಅಲ್ಲೇ ಉಸಿರು ಹಿಡಿದು ನಿಂತಿತು. ಲಾರಿಯೊಂದು ಬ್ರೇಕು ಕಿರುಗುಟ್ಟಿಸಿಕೊಂಡು ಬಾಗಿಲಿನಿಂದ ಗೇಣು ದೂರದಲ್ಲಿ ನಿಂತಿತು. ಆ ಬಾಗಿಲ ಪಕ್ಕದಲ್ಲಿ ಕೂತಿದ್ದವನು ಅವಳ ಗಂಡ.

ಅವನು ಟೈಲರ್. ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಅಂತಲೇ. ಎರಡು ವರ್ಷದ ಹಿಂದೆ ಎರಡೂ ಮೂತ್ರಪಿಂಡ ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. "ನನ್ನ ರಕ್ತ ವಾರಕ್ಕೆ ಮೂರು ಸಲ ತೊಳೀತಾರೆ, ನನ್ನ ಅಂಗಿ ಎರಡೇ ಸಲ," ಅನ್ನುತ್ತಿದ್ದ. ಮೊದಮೊದಲು ಬಸ್ಸಿನಲ್ಲಿ ಹೋಗುತ್ತಿದ್ದರು. ಒಂದು ದಿನ ಇಳಿಯುವಾಗ ಬಿದ್ದು ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಕನ್ನಡಿಯಲ್ಲಿ ನೋಡಿಕೊಂಡು, ಡಾಕ್ಟರ ಹೊಲಿಗೆ ನೆಟ್ಟಗಿಲ್ಲ ಅಂದ. ಬಾಡಿಗೆ ಕಾರು ಹಿಡಿದರು. ವಾಪಸು ಬರುವಾಗ ಅವನಿಗೆ ವಾಂತಿಯಾಗುತ್ತದೆ. ಒಬ್ಬ ಡ್ರೈವರ್ ಅರ್ಧ ದಾರಿಯಲ್ಲಿ ಇಳಿಸಿ ಹೋದ. ಆಮೇಲೆ ತಂಗಿ ನಲವತ್ತಾರನೇ ವಯಸ್ಸಿನಲ್ಲಿ ಸ್ಟೀರಿಂಗ್ ಹಿಡಿಯಲು ಕಲಿತಳು. ಕಾರು ನೋಡಿ ಕೊಡಿಸಿದವನು ನಾನು. ಒಂಬತ್ತು ವರ್ಷದ ಗಾಡಿ, ಮೀಟರಿನಲ್ಲಿ ಬರೀ ಹದಿನಾಲ್ಕು ಸಾವಿರ ಕಿಲೋಮೀಟರ್. ಕಣ್ಣು ಮುಚ್ಚಿಕೊಂಡು ತಗೋ ಅಂದಿದ್ದೆ.

ಲಾರಿಯ ದಿನ ಭಾವ ಆಸ್ಪತ್ರೆಗೆ ಹೋಗಿ ಬಂದ. ಸಂಜೆ ಹೆಂಡತಿಯನ್ನು ಕರೆದು, ಇನ್ನು ಈ ಕಾರು ಹತ್ತುವುದಿಲ್ಲ, ಬಸ್ಸೂ ಇಲ್ಲ, ಬಾಡಿಗೆ ಗಾಡಿಯೂ ಇಲ್ಲ, ಸಾಕು ಅಂದನಂತೆ. ನಾನು ಹೋದರೆ ಹೋದೆ, ನೀನು ಯಾಕೆ ನನ್ನ ಜೊತೆ ಲಾರಿಗೆ ಸಿಗಬೇಕು ಅಂತ ಕೇಳಿದನಂತೆ.

ಡಯಾಲಿಸಿಸ್ ಬಿಟ್ಟರೆ ಎಷ್ಟು ದಿನ ಅಂತ ಡಾಕ್ಟರು ಮೊದಲೇ ಹೇಳಿದ್ದರು: ಹತ್ತು ದಿನ, ಹೆಚ್ಚೆಂದರೆ ಹದಿನೈದು. ಭಾವ ಬಹಳ ದಿನದಿಂದ ಒಂದು ನೆಪ ಹುಡುಕುತ್ತಿದ್ದ ಅನ್ನುವುದು ನಮಗಿಬ್ಬರಿಗೂ ಗೊತ್ತಿತ್ತು. ಆ ನೆಪವನ್ನು ನಾನು ಆರಿಸಿ ಕೊಟ್ಟ ಕಾರು ಅವನ ಕೈಗೆ ಕೊಟ್ಟಿತ್ತು.

"ಸೋಮವಾರ ಏಳು ಗಂಟೆಗೆ ಹೊರಡ್ಬೇಕು," ಅಂದಳು ತಂಗಿ. "ಅಷ್ಟರೊಳಗೆ ಸರಿ ಮಾಡು. ಸರಿಯಾದ್ರೆ ಹತ್ತುತ್ತೀನಿ ಅಂತ ನನಗೆ ಮಾತು ಕೊಟ್ಟಿದ್ದಾರೆ, ಇಲ್ಲಾಂದ್ರೆ ಹತ್ತಲ್ಲ."

ಶನಿವಾರವೆಲ್ಲ ಕಾರಿನ ಹಿಂದೆ ಬಿದ್ದೆ. ನಾಲ್ಕು ಸುತ್ತು ಓಡಿಸಿದೆ; ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು. ಸ್ಕ್ಯಾನರ್ ಹಾಕಿ ನೋಡಿದೆ. ಒಂದು ದೋಷವನ್ನೂ ತೋರಿಸಲಿಲ್ಲ. ಪೆಟ್ರೋಲ್ ಪಂಪಿನ ಒತ್ತಡ ಸರಿಯಿತ್ತು. ಗಾಳಿಯ ಕೊಳವೆಗಳಲ್ಲಿ ಬಿರುಕಿಲ್ಲ. ಡಾಕ್ಟರ ಮೆಟ್ಟಿಲು ಹತ್ತಿದ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಫಿಲ್ಟರು ಬದಲಿಸಿದೆ, ಸುಮ್ಮನೆ ಕೂರಲಾಗದೆ.

ಸಂಜೆ ಕೈ ತೊಳೆಯುವಾಗ ಹೊಳೆಯಿತು. ತಂಗಿಯ ಮನೆ ಊರಿನ ಆ ತುದಿ. ಅಲ್ಲಿಂದ ನನ್ನ ಹತ್ತಿರ ಬರುವಷ್ಟರಲ್ಲಿ ಎಂಜಿನ್ ಕಾದಿರುತ್ತದೆ. ಅವಳ ಬೀದಿಯ ತಿರುವಿಗೆ ಬಂದಾಗ ಅದು ಸ್ಟಾರ್ಟ್ ಆಗಿ ಎರಡು ನಿಮಿಷವೂ ಆಗಿರುವುದಿಲ್ಲ. ರೋಗ ತಣ್ಣಗಿದ್ದಾಗ ಮಾತ್ರ ಮುಖ ತೋರಿಸುವಂಥದ್ದು. ತಂಗಿಯನ್ನು ಕರೆಸಿ, ಕಾರನ್ನು ಮನೆಗೆ ಒಯ್ದು ನಿಲ್ಲಿಸು, ಬೆಳಿಗ್ಗೆ ನಾನು ಬರುವ ತನಕ ಮುಟ್ಟಬೇಡ ಅಂತ ಹೇಳಿ ಕಳಿಸಿದೆ.

ಭಾನುವಾರ ಆರು ಗಂಟೆಗೆ ಅವಳ ಅಂಗಳದಲ್ಲಿದ್ದೆ. ಸ್ಟಾರ್ಟ್ ಮಾಡಿ ಗೇಟಿನಿಂದ ಹೊರಗೆ ತಂದು ಕಾಲು ಒತ್ತಿದೆ. ಎಂಜಿನ್ ಒಳಕ್ಕೆ ಕುಸಿಯಿತು, ಒಂದು ಗಳಿಗೆ ಸತ್ತಂತೆ ಇತ್ತು, ಆಮೇಲೆ ಕಾರು ಮುಂದಕ್ಕೆ ಜಿಗಿಯಿತು. ಮತ್ತೆ ಒತ್ತಿದೆ, ಮತ್ತೆ ಹಾಗೆಯೇ.

ಕಿಟಕಿಯಲ್ಲಿ ಭಾವ ಕಂಬಳಿ ಹೊದ್ದು ನಿಂತಿದ್ದ. ಮುಖ ಊದಿಕೊಂಡು ಹಳದಿಗಟ್ಟಿತ್ತು.

"ಈಗ ಕಾಣಿಸ್ತಾ ಭಾವ? ನೀವು ನೋಡಿ ತಂದ ಸೊಸೆ," ಅಂದ. "ಲಕ್ಷಣವಾಗಿದ್ದಾಳೆ, ಹೊರಗೆ ಕಾಲೇ ಇಟ್ಟಿಲ್ಲ ಅಂದ್ರಿ. ಮನೆಗೆ ಬಂದ್ಮೇಲೆ ಗುಣ ಗೊತ್ತಾಯ್ತು."

ನಾನು ಬಾನೆಟ್ ಎತ್ತಿದೆ. ಪ್ಲಗ್ ಬಿಚ್ಚಿದರೆ ದೀಪದ ಮಸಿ ಹಿಡಿದ ಹಾಗೆ ಕಪ್ಪು. ಸರಿಯಾಗಿ ಓಡಿದ ಗಾಡಿಯ ಪ್ಲಗ್ ಬಿಸ್ಕತ್ತಿನ ಬಣ್ಣಕ್ಕಿರಬೇಕು. ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಬೆರಳಾಡಿಸಿದೆ, ಬೆರಳು ಅಂಟಿಕೊಂಡಿತು. ಟಾರ್ಚ್ ಹಿಡಿದು ಕೆಳಗೆ ನೋಡಿದಾಗ ಇನ್ನೊಂದು ಕಂಡಿತು. ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರ್ ಗಾಡಿಯ ಜೊತೆ ಬಂದದ್ದಲ್ಲ. ಯಾರೋ ಹೊಸದು ಹಾಕಿಸಿದ್ದರು. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಸೆಲ್ಫ್ ಮೋಟರ್ ಸವೆಯುವುದು ಎಲ್ಲಿಯಾದರೂ ಉಂಟೇ? ಓಡದ ಗಾಡಿಯನ್ನು ಯಾರೋ ಸಾವಿರಾರು ಸಲ ಸ್ಟಾರ್ಟ್ ಮಾಡಿದ್ದರು.

ಆಗ ನೆನಪಾಯಿತು, ಕಾರು ನೋಡಲು ಹೋದ ದಿನ ಬಾನೆಟ್ ಬಿಸಿಯಿತ್ತು.

ಹಳೆ ಗಾಡಿ ನೋಡಲು ಹೋದವನು ಮೊದಲು ಬಾನೆಟ್ ಮುಟ್ಟಬೇಕು. ಬಿಸಿಯಿದ್ದರೆ ನಮಸ್ಕಾರ ಹೇಳಿ ಇನ್ನೊಂದು ದಿನ ಬರಬೇಕು, ಯಾಕೆಂದರೆ ಕಾದ ಎಂಜಿನ್ ಅರ್ಧ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಮೂವತ್ತನಾಲ್ಕು ವರ್ಷದಿಂದ ಈ ಮಾತನ್ನು ಬಂದವರಿಗೆಲ್ಲ ಹೇಳಿದ್ದೇನೆ. ಅವತ್ತು ಬೆಳಿಗ್ಗೆ ಆರೂವರೆಗೆ ನಾನು ಮುಟ್ಟಿದ್ದೆ. ಬಿಸಿ ಕೈಗೆ ತಾಗಿತ್ತು. ಕಾರು ಮಾರುತ್ತಿದ್ದವರು ಒಬ್ಬ ಅಜ್ಜಿ; ನನಗಾಗಿ ಗಾಡಿಯನ್ನು ಸಿದ್ಧ ಮಾಡಿಟ್ಟಿದ್ದಾರೆ, ಪಾಪ, ಅಂದುಕೊಂಡೆ. ಮೀಟರಿನ ಅಂಕಿ ನನ್ನ ಕಣ್ಣಿಗೆ ಮಣ್ಣೆರಚಿತ್ತು.

ಸ್ಕೂಟರ್ ಹತ್ತಿ ಆ ಮನೆಗೆ ಹೋದೆ. ಆ ಎಂಜಿನ್ನಿನೊಳಗೆ ಇನ್ನೇನು ಕಾದಿದೆ ಅಂತ ತಿಳಿಯದೆ ಬಿಚ್ಚುವುದು ನನಗೆ ಬೇಕಿರಲಿಲ್ಲ.

ಅಜ್ಜಿಗೆ ಎಪ್ಪತ್ತರ ಮೇಲೆ. ನನ್ನನ್ನು ನೋಡಿ ಮುಖ ಸಪ್ಪಗಾಯಿತು. ಕಾರು ವಾಪಸು ಕೊಡಲು ಬಂದಿದ್ದಾನೆ ಅಂದುಕೊಂಡಿರಬೇಕು. ಹಾಗೇನಿಲ್ಲ ಅಂದೆ. ಮನೆಯ ಪಕ್ಕಕ್ಕೆ ತಗಡು ಹೊದಿಸಿದ ಜಾಗ, ಕಾರು ನಿಲ್ಲುತ್ತಿದ್ದದ್ದು ಅಲ್ಲಿ. ಹಿಂದಿನ ಕಾಂಪೌಂಡ್ ಗೋಡೆಯಲ್ಲಿ, ಸೈಲೆನ್ಸರ್ ಬಾಯಿಯ ಎತ್ತರಕ್ಕೆ ಸರಿಯಾಗಿ, ಊಟದ ತಟ್ಟೆಯಷ್ಟು ದೊಡ್ಡ ಕಪ್ಪು ಮಚ್ಚೆ. ಎದುರಿಗೆ ಮನೆಯ ಒಂದು ಕಿಟಕಿ.

ದಿನಾ ಸ್ಟಾರ್ಟ್ ಮಾಡುತ್ತಿದ್ದಿರಾ ಅಂತ ಕೇಳಿದೆ.

ಅವರ ಗಂಡ ಬಸ್ ಡ್ರೈವರ್ ಆಗಿದ್ದವರು. ರಿಟೈರ್ ಆದ ಮೇಲೆ ತಮ್ಮದೇ ಒಂದು ಗಾಡಿ ಇರಲಿ ಅಂತ ಕಾರು ಕೊಂಡರು. ಒಂದೂವರೆ ವರ್ಷ ಓಡಿಸಿದರು. ಆಮೇಲೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈಯ ಒಂದು ಬೆರಳು ಉಳಿಯಿತು. ಏಳು ವರ್ಷ ಆ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಬೆಳಿಗ್ಗೆ ಆರಾದರೆ ಕಿಟಕಿಯ ಕಡೆ ನೋಡುತ್ತಿದ್ದರು. ಅಜ್ಜಿಗೆ ಗಾಡಿ ಓಡಿಸಲು ಬಾರದು. ಯಾರನ್ನೋ ಕೇಳಿ ಕೀಲಿ ತಿರುಗಿಸುವುದಷ್ಟನ್ನು ಕಲಿತರು. ಸ್ಟಾರ್ಟ್ ಮಾಡಿ ಒಳಗೆ ಬಂದು ಗಂಡನ ಪಕ್ಕ ಕೂತುಕೊಳ್ಳುವರು. ಅವರು ಕಣ್ಣು ಮುಚ್ಚಿ ಕೇಳುವರು. ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಆದ ಮೇಲೆ ಆ ಬೆರಳು ಎತ್ತುವರು: ಸಾಕು. ಆಗ ಹೋಗಿ ಆಫ್ ಮಾಡುವುದು. ಗಂಡ ತೀರಿಕೊಂಡ ಮೇಲೂ ಅಜ್ಜಿ, ಕೈ ಸುಮ್ಮನಿರದೆ, ಕಾರು ಮಾರುವ ದಿನದವರೆಗೂ ಮಾಡಿದರು.

"ನಿಂತ ಗಾಡಿ ಕೆಡುತ್ತೆ ಅಂತಾರಲ್ಲಪ್ಪ," ಅಂದರು. "ಅದಕ್ಕೇ ಒಂದಿನಾನೂ ತಪ್ಪಿಸ್ಲಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ?"

ಆ ಗಾಡಿ ಕೆಟ್ಟದ್ದೇ ಅದರಿಂದ. ನಿಂತಲ್ಲೇ ಉರಿಯುವ ಎಂಜಿನ್ ಪೂರ್ತಿ ಕಾಯುವುದಿಲ್ಲ, ಪೆಟ್ರೋಲ್ ಸರಿಯಾಗಿ ಸುಡುವುದಿಲ್ಲ. ಮಸಿ ಒಳಗೇ ಕೂರುತ್ತದೆ. ಪೆಟ್ರೋಲನ್ನು ಒಳಗೆ ಬಿಡುವ ವಾಲ್ವಿನ ಹಿಂದೆ ಕೂತ ಆ ಮಸಿ ಸ್ಪಂಜಿನ ಹಾಗೆ. ತಣ್ಣಗಿದ್ದಾಗ ಕಾಲು ಒತ್ತಿದರೆ ಮೊದಲ ಗುಟುಕು ಪೆಟ್ರೋಲನ್ನು ಅದೇ ಹೀರಿಕೊಳ್ಳುತ್ತದೆ, ಎಂಜಿನ್ನಿಗೆ ಬರೀ ಗಾಳಿ ಸಿಗುತ್ತದೆ. ಅದೇ ಆ ಒಂದು ಗಳಿಗೆಯ ತಡೆ. ಮೀಟರ್ ಸುಳ್ಳು ಹೇಳಿರಲಿಲ್ಲ. ಚಕ್ರ ತಿರುಗದಿದ್ದರೆ ಅದು ಏನನ್ನು ಬರೆದುಕೊಂಡೀತು?

ಏನೂ ಇಲ್ಲಮ್ಮ, ಪೆಟ್ರೋಲಿನಲ್ಲಿ ಸ್ವಲ್ಪ ಕಸ, ನೀವು ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡಿದ್ದೀರಿ ಅಂದೆ. ಅವರು ಗೇಟಿನ ತನಕ ಬಂದು, ಈಗ ಗಾಡಿ ದಿನಾ ಓಡುತ್ತಾ ಅಂತ ಕೇಳಿದರು. ಓಡುತ್ತೆ ಅಂದೆ.

ಭಾನುವಾರವೆಲ್ಲ ತಂಗಿಯ ಅಂಗಳದಲ್ಲಿ ಎಂಜಿನ್ನಿನ ಮೇಲ್ಭಾಗ ಬಿಚ್ಚಿ ಹರವಿದೆ. ವಾಲ್ವುಗಳ ಹಿಂದೆ ಮಸಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ದ್ರಾವಣ ಹಾಕಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಒಂದೊಂದನ್ನೇ ಕೆರೆದೆ. ಭಾವ ಕಿಟಕಿಯಿಂದ ನೋಡುತ್ತಲೇ ಇದ್ದ. ನಡುವೆ ಒಮ್ಮೆ, ಅಷ್ಟು ಬಿಚ್ಚಿದ್ದೀರಲ್ಲ, ಹೊಲಿಯುವಾಗ ತುಂಡು ಉಳಿಯುವುದಿಲ್ಲ ತಾನೆ ಅಂದ. ಹೊಸ ಪ್ಲಗ್ ಹಾಕಿ, ಎಣ್ಣೆ ಬದಲಿಸಿ ಮುಚ್ಚುವ ಹೊತ್ತಿಗೆ ಕತ್ತಲಾಗುತ್ತಿತ್ತು. ಸ್ಟಾರ್ಟ್ ಆಗುತ್ತದೆ ಅಂತ ನೋಡಿಕೊಂಡು ಹಾಗೇ ಬಿಟ್ಟೆ. ತಡೆ ಹೋಗಿದೆಯೋ ಇಲ್ಲವೋ ಅಂತ ತಣ್ಣಗಾದ ಮೇಲೆಯೇ ನೋಡಬೇಕಿತ್ತು.

ಸೋಮವಾರ ಆರೂವರೆಗೆ ಬಾನೆಟ್ ತಣ್ಣಗಿತ್ತು. ತಂಗಿಯನ್ನೇ ಕೂರಿಸಿ ತಿರುವಿನ ತನಕ ಓಡಿಸಲು ಹೇಳಿದೆ. ಕಾಲು ಒತ್ತಿದಳು; ಕಾರು ತಡೆಯದೆ ಹೋಯಿತು. ಮೂರು ಸಲ ಮಾಡಿಸಿದೆ. ವಾಪಸು ಬಂದು, ಅವಳು ಕೊಟ್ಟ ಟೀ ಕುಡಿಯುತ್ತಾ, ಗೆದ್ದ ಖುಷಿಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಮರೆತೆ. ಅಜ್ಜಿಯ ಕತೆಯನ್ನು, ಮಂಚ, ಕಿಟಕಿ, ಬೆರಳು ಎಲ್ಲ ಸೇರಿಸಿ, ಗ್ಯಾರೇಜಿನಲ್ಲಿ ಹೇಳುವ ಹಾಗೆ ಹೇಳಿಬಿಟ್ಟೆ. ತಂಗಿಯ ಕಣ್ಸನ್ನೆ ನನಗೆ ಕಂಡದ್ದು ಕತೆ ಮುಗಿದ ಮೇಲೆ.

ಭಾವ ಟೀ ಲೋಟವನ್ನು ನಿಧಾನಕ್ಕೆ ಕೆಳಗಿಟ್ಟ. ಅವನಿಗೆ ದಿನಕ್ಕೆ ಇಷ್ಟೇ ಗುಟುಕು ಅಂತ ಲೆಕ್ಕ.

"ಏಳು ವರ್ಷ," ಅಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನನಗೆ ಹಾಗೆ ಮಾಡ್ಬೇಡ ಕಣೇ. ನಾನು ಮಲಗಿದ್ರೆ ಗಾಡಿ ಮುಟ್ಬೇಡ," ಅಂದ.

ತಂಗಿ ಕೀಲಿ ತೆಗೆದುಕೊಂಡು ಹೊರಗೆ ಹೋದಳು. ಅವನು ಗೋಡೆ ಹಿಡಿದು ಎದ್ದು, ಚಪ್ಪಲಿ ಮೆಟ್ಟಿ, ಅವಳ ಹಿಂದೆ ಹೋಗಿ ಕಾರು ಹತ್ತಿದ. ಅವನ ನೆಪ ಮುಗಿದಿತ್ತು, ಮಾತಿಗೆ ತಪ್ಪುವವನಲ್ಲ.

ಆಸ್ಪತ್ರೆ ನಾಲ್ಕು ಕಿಲೋಮೀಟರ್. ಅಷ್ಟೇ ಓಡಿಸಿದರೆ ಮಸಿ ಮತ್ತೆ ಕೂರುತ್ತದೆ, ವಾರಕ್ಕೊಮ್ಮೆ ಊರ ಹೊರಗಿನ ದೊಡ್ಡ ರಸ್ತೆಯಲ್ಲಿ ಒಂದು ಗಂಟೆ ಜೋರಾಗಿ ಓಡಿಸಬೇಕು ಅಂತ ತಂಗಿಗೆ ಹೇಳಿದ್ದೆ. ಎಂಜಿನ್ನಿನ ವಿಷಯದಲ್ಲಿ ಅದು ನಿಜ. ಅವಳು ಅದನ್ನು ಔಷಧಿ ಚೀಟಿಯ ಹಾಗೆ ಪಾಲಿಸಿದಳು. ಪ್ರತಿ ಭಾನುವಾರ ಇಬ್ಬರೂ ಹೋಗುವುದು, ಇಪ್ಪತ್ತೈದನೇ ಕಿಲೋಮೀಟರಿನ ಪೆಟ್ರೋಲ್ ಬಂಕಿನ ಹತ್ತಿರ ತಿರುಗಿಸಿಕೊಂಡು ಬರುವುದು. ಒಳ್ಳೆಯ ದಿನಗಳಲ್ಲಿ ಭಾವ ಮೆಷಿನ್ನಿನ ಮುಂದೆ ಕೂತು ಸೀಟುಗಳಿಗೆ ಬೂದು ಬಟ್ಟೆಯ ಕವರು ಹೊಲಿದ. ಹೊಲಿಗೆ ನೆಟ್ಟಗಿತ್ತು. ಹೀಗೆ ಐದು ತಿಂಗಳು ಹೋಯಿತು.

ಆರನೇ ತಿಂಗಳಲ್ಲಿ ಡಯಾಲಿಸಿಸ್ಸಿಗೆ ಸೂಜಿ ಚುಚ್ಚುತ್ತಿದ್ದ ಕೈಯ ನರ ಮುಚ್ಚಿಕೊಂಡಿತು. ಕುತ್ತಿಗೆಯಲ್ಲಿ ಕೊಳವೆ ಹಾಕಿದರು, ಅದು ಕೀವಾಯಿತು. ಒಂದು ಬುಧವಾರ ಬೆಳಿಗ್ಗೆ ಅವನು ಕಾರಿನಲ್ಲಿ ಕೂತ ಮೇಲೆ, ಸ್ಟಾರ್ಟ್ ಮಾಡಬೇಡ ಅಂತ ಹೆಂಡತಿಗೆ ಹೇಳಿದ. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಕೂತಿದ್ದು ಒಳಗೆ ಬಂದರಂತೆ. ತಂಗಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಗಾಡೀದೇನೂ ತಪ್ಪಿಲ್ಲ ಅಣ್ಣ."

ಆರು ದಿನ ಬಿಟ್ಟು ಬೆಳಿಗ್ಗೆ ಹೋದಾಗ ಭಾವನ ಕಾಲು ಕಂಬದಂತೆ ಊದಿತ್ತು. ಉಸಿರು ಎಳೆದು ಎಳೆದು ಬರುತ್ತಿತ್ತು. ಹೊರಗೆ ಕಾರಿಗೆ ಹೊದಿಕೆ ಹಾಕಿತ್ತು. ತಂಗಿ ಅವನ ಮಾತಿನಂತೆ ಮುಟ್ಟಿರಲಿಲ್ಲ.

"ಭಾವ, ಗಾಡಿ ನಿಂತು ಎಷ್ಟು ದಿನ ಆಯ್ತು?" ಅಂತ ಕೇಳಿದ.

ಆರು ಅಂದೆ.

"ಒಂದ್ಸಲ ಸ್ಟಾರ್ಟ್ ಮಾಡಿ. ಕೇಳೋಣ."

ತಂಗಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ನಾನು ಮೊಳೆಯಲ್ಲಿದ್ದ ಕೀಲಿ ತೆಗೆದುಕೊಂಡು ಹೊಸಿಲ ತನಕ ಹೋದೆ. ಅಜ್ಜಿಯ ಮನೆಯ ಗೋಡೆಯ ಮೇಲಿನ ಆ ಕಪ್ಪು ಮಚ್ಚೆ ಕಣ್ಣ ಮುಂದೆ ಬಂತು. ವಾಪಸು ಬಂದೆ.

"ನಿಂತಲ್ಲೇ ಸ್ಟಾರ್ಟ್ ಮಾಡಿದ್ರೆ ಕೆಡುತ್ತೆ ಭಾವ. ಓಡಿಸ್ಬೇಕು."

ಅವನು ಮೊಣಕೈ ಊರಿ ಏಳಲು ನೋಡಿದ. ಆಮೇಲೆ ಹೆಂಡತಿಗೆ, "ಹಾಗಾದ್ರೆ ಇಸ್ತ್ರಿ ಆಗಿರೋ ಅಂಗಿ ಕೊಡು," ಅಂದ.

ನೀರು ತುಂಬಿದ ಮೈ ಭಾರವಾಗಿತ್ತು. ಇಬ್ಬರೂ ಹಿಡಿದು ಹಿಂದಿನ ಸೀಟಿಗೆ ಏರಿಸಿದೆವು. ನಾನು ಪಕ್ಕದಲ್ಲಿ ಕೂತು ಅವನ ತಲೆಯನ್ನು ಹೆಗಲಿಗೆ ಆನಿಸಿಕೊಂಡೆ. ತಂಗಿ ಹೊದಿಕೆ ತೆಗೆದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, ಬಂದು ಕೂತಳು. ತಿರುವಿನಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ ನೋಡಿದಳು. ಕಾಲು ಒತ್ತಿದಳು. ತಣ್ಣನೆಯ ಎಂಜಿನ್ ತಡೆಯದೆ ಎಳೆಯಿತು.

"ಸೊಸೆ ಸರಿಹೋದ್ಲು," ಅಂದ ಭಾವ, ಕಣ್ಣು ಮುಚ್ಚಿಕೊಂಡೇ.

ಊರು ಹಿಂದೆ ಬಿತ್ತು. ಅವನ ಕೈ ತಾನೇ ಹೊಲಿದ ಬೂದು ಬಟ್ಟೆಯ ಮೇಲಿತ್ತು, ಬೆರಳುಗಳು ಊದಿ ಹೊಳೆಯುತ್ತಿದ್ದವು. ಭಾನುವಾರ ತಿರುಗಿಸಿಕೊಳ್ಳುತ್ತಿದ್ದ ಪೆಟ್ರೋಲ್ ಬಂಕ್ ಕಾಣಿಸಿದಾಗ ತಂಗಿ ಕಾಲು ಸಡಿಲಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಅವನ ಕೈಯನ್ನು ನೋಡಿದೆ. ಸಾಕು ಅಂತ ಬೆರಳು ಏಳಲಿಲ್ಲ.

"ಹೋಗು," ಅಂದೆ.