ರಸ್ತೆಗೆ ಮುಖ ಮಾಡಿದ ಬಾಗಿಲುಗಳು

ನಮ್ಮ ಕ್ವಾಲೋ ಗುಡ್ಡದ ಬಡಾವಣೆಯಲ್ಲಿ ಹೆಂಗಸರಿಗೆಂದೇ ಕಟ್ಟಿಸಿದ ಆರು ಕಕ್ಕಸುಗಳಿದ್ದವು. ನಮ್ಮ ದ್ವೀಪದೇಶದ ರಾಜಧಾನಿ ಹೊನಿಯಾರಾದಲ್ಲೆಲ್ಲ ಅಷ್ಟು ಚೊಕ್ಕಟವಾದ ಕಕ್ಕಸು ಇನ್ನೊಂದಿರಲಿಲ್ಲ. ಕಟ್ಟಿ ಹದಿನಾಲ್ಕು ತಿಂಗಳಾದರೂ ಒಬ್ಬಳೂ ಅವುಗಳನ್ನು ಬಳಸಿರಲಿಲ್ಲ.

ಕಟ್ಟಿಸಿದವರು ಕೆಟ್ಟವರಲ್ಲ. ಆಸ್ಟ್ರೇಲಿಯಾದಿಂದ ಬಂದ ಫಿಲಿಪ್ಪಾ ಮೇಡಂ ಊರು ಕಟ್ಟುವುದನ್ನೇ ಓದಿದವರು. ಹೆಂಗಸರು, ಹುಡುಗಿಯರು ಹೆದರದೆ ಓಡಾಡುವ ಊರು ಆಗಬೇಕೆಂಬುದು ಅವರ ಆಸೆ. ಅದಕ್ಕೇ ಕಕ್ಕಸುಗಳನ್ನು ದೊಡ್ಡ ರಸ್ತೆಯ ಪಕ್ಕದಲ್ಲೇ ಕಟ್ಟಿಸಿದರು, ಬಾಗಿಲುಗಳನ್ನು ರಸ್ತೆಗೇ ಇಡಿಸಿದರು, ಮೇಲೊಂದು ಸೋಲಾರ್ ದೀಪ ಹಾಕಿಸಿದರು. ಯಾವ ಪೋಲಿಯೂ ಮರೆಯಲ್ಲಿ ಹೊಂಚು ಹಾಕುವಂತಿಲ್ಲ. ಎದುರಿಗೇ ಅಡಿಕೆ ಮಾರುವ ಕಟ್ಟೆ. ಹಗಲೆಲ್ಲ ಅಲ್ಲಿ ಹದಿನೈದಿಪ್ಪತ್ತು ಗಂಡಸರು ಇಸ್ಪೀಟಾಡುತ್ತ ಕೂತಿರುತ್ತಾರೆ. ಕಾವಲಿಗೂ ಆಯಿತು ಎಂದು ಮೇಡಂ ಖುಷಿಪಟ್ಟರು.

ಆ ಹದಿನೈದಿಪ್ಪತ್ತು ಗಂಡಸರಲ್ಲಿ ಪ್ರತಿಯೊಬ್ಬನೂ ನಮ್ಮಲ್ಲಿ ಯಾರಾದರೊಬ್ಬಳಿಗೆ ಅಣ್ಣನೋ ತಮ್ಮನೋ ಆಗಬೇಕು. ನಾವು ಮಲೈಟಾ ದ್ವೀಪದಿಂದ ಬಂದ ಮಂದಿ. ಅಕ್ಕತಂಗಿಯರು ಆ ಕಡೆಗೆ ಹೋಗುವುದನ್ನು ಅಣ್ಣತಮ್ಮಂದಿರು ನೋಡಕೂಡದು, ಅದರ ಮಾತನ್ನೂ ಅವರೆದುರು ಎತ್ತಕೂಡದು. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೂ ಅಣ್ಣತಮ್ಮಂದಿರೇ. ತಪ್ಪಿದರೆ ಅವನಿಗೆ ಹಂದಿ ಕೊಟ್ಟು ಸಮಾಧಾನ ಮಾಡಬೇಕು, ಆಮೇಲೂ ತಿಂಗಳುಗಟ್ಟಲೆ ಇಬ್ಬರೂ ಮುಖ ತಪ್ಪಿಸಿ ಓಡಾಡಬೇಕು. ಹೀಗಾಗಿ ನಾವು ಬೆಳಕು ಹರಿಯುವ ಮೊದಲು ಹಳ್ಳದ ಕಡೆ, ಸಂಜೆ ಮಬ್ಬಾದ ಮೇಲೆ ಮತ್ತೆ ಹಳ್ಳದ ಕಡೆ. ನಡುವಿನ ಹದಿಮೂರು ಗಂಟೆ ಏನು ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ.

ನನ್ನ ಮಗಳು ನೆಸ್ಟಾ ಅದಕ್ಕೊಂದು ಉಪಾಯ ಕಂಡುಕೊಂಡಳು. ನೀರು ಕುಡಿಯುವುದನ್ನೇ ಬಿಟ್ಟಳು. ಹದಿಮೂರು ವರ್ಷದ ಹುಡುಗಿ, ಬೆಳಿಗ್ಗೆ ಒಂದು ತುಂಡು ಗೆಣಸು ತಿಂದು, ಬಾಯಿ ಮುಕ್ಕಳಿಸಿ ಉಗುಳಿ ಶಾಲೆಗೆ ಹೋಗುತ್ತಿದ್ದಳು. ಎರಡು ಸಲ ಉರಿ, ಜ್ವರ, ಆಸ್ಪತ್ರೆ. ಮೂರನೇ ಸಲವೂ ಹೀಗೇ ಆದರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ ಎಂದಳು ನರ್ಸ್.

"ದಿನಕ್ಕೆ ಎರಡು ಲೀಟರ್ ನೀರು ಕುಡೀಬೇಕು ಮರಿ. ಅಷ್ಟೊಂದು ಕಷ್ಟಾನಾ?"

"ಕುಡಿಯೋದೇನೂ ಕಷ್ಟ ಅಲ್ಲ ಸಿಸ್ಟರ್," ಎಂದಳು ನೆಸ್ಟಾ.

ನಾನು ಮರುದಿನವೇ ಮೇಡಂ ಆಫೀಸಿಗೆ ಹೋದೆ. ಮೇಡಂಗೆ ನಮ್ಮ ಮಾತು ಅಷ್ಟಕ್ಕಷ್ಟೆ. ಅದನ್ನು ತಿಳಿಸಿ ಹೇಳಲು ಒಬ್ಬ ಯುವಕನನ್ನು ಇಟ್ಟುಕೊಂಡಿದ್ದರು. ಅವನು ನನ್ನ ಚಿಕ್ಕಪ್ಪನ ಮಗ. ಅವನ ಮುಖ ನೋಡಿದೆ, ನಲ್ಲಿಯ ವಾಷರ್ ಸವೆದಿದೆ ಎಂದು ಹೇಳಿ ಮನೆಗೆ ಬಂದೆ. ಎರಡೇ ದಿನದಲ್ಲಿ ಹೊಸ ವಾಷರ್ ಬಂತು.

ಅದಾದ ಮೇಲೆ ಮೇಡಂ ಕಕ್ಕಸುಗಳ ತಪಾಸಣೆಗೆ ಬಂದರು. ನನ್ನ ಅತ್ತಿಗೆ ಎತೆಲ್ ಹಿಂದಿನ ದಿನವೇ ತನ್ನ ಅಕ್ಕಿ ಮೂಟೆಗಳನ್ನು ಅಲ್ಲಿಂದ ತೆಗೆದಿದ್ದಳು. ಒಳಗಿನ ಹೊಳಪು ಕಂಡು ಮೇಡಂ ಕಣ್ಣು ತುಂಬಿ ಬಂತು. ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮುಂದಿನ ತಿಂಗಳು ಸುದ್ದಿ ಬಂತು: ಇನ್ನೂ ನಲವತ್ತು ಮನೆ, ಇನ್ನೂ ಹನ್ನೆರಡು ಕಕ್ಕಸು, ಎಲ್ಲ ಇದೇ ನಮೂನೆ. ಶನಿವಾರ ಸಭೆ, ಸಭೆಯಲ್ಲಿ ಒಪ್ಪಿಗೆ, ಬಡಾವಣೆ ಸಮಿತಿಯ ಅಧ್ಯಕ್ಷರ ಸಹಿ. ಒಮ್ಮೆ ಸಹಿ ಬಿದ್ದರೆ ಒಂದು ಇಟ್ಟಿಗೆಯನ್ನೂ ಅತ್ತಿತ್ತ ಸರಿಸುವಂತಿಲ್ಲ.

ಅಧ್ಯಕ್ಷ ನನ್ನ ಸ್ವಂತ ಅಣ್ಣ ಸೈಲಸ್.

ಸೈಲಸನ ಬಗ್ಗೆ ಒಂದು ಮಾತು ಹೇಳಬೇಕು. ಬಂದರಿನಲ್ಲಿ ಕೆಲಸ. ದೊಡ್ಡ ರಸ್ತೆಯಲ್ಲಿ ಇಳಿದರೆ ಹತ್ತು ನಿಮಿಷದ ದಾರಿ. ಅವನು ಮಾತ್ರ ಒಂದು ವರ್ಷದಿಂದ ಗುಡ್ಡ ಹತ್ತಿ, ಆ ಮಗ್ಗುಲಿಗೆ ಇಳಿದು, ಮುಕ್ಕಾಲು ಗಂಟೆ ಸುತ್ತಿ ಹೋಗುತ್ತಿದ್ದ. ಕೇಳಿದರೆ ಮೊಣಕಾಲು ನೋವು, ಡಾಕ್ಟರು ನಡೆಯಲು ಹೇಳಿದ್ದಾರೆ ಅನ್ನುತ್ತಿದ್ದ. ಮೊಣಕಾಲು ನೋವಿಗೆ ಗುಡ್ಡ ಹತ್ತಿಸುವ ಡಾಕ್ಟರನ್ನು ನಾನಂತೂ ಕಂಡಿಲ್ಲ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಅಡಿಕೆ ಕಟ್ಟೆಯವರು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಶನಿವಾರ ಚರ್ಚಿನ ಸಭಾಂಗಣ ತುಂಬಿತು. ಮುಂದೆ ಬೆಂಚುಗಳ ಮೇಲೆ ಗಂಡಸರು, ಹಿಂದೆ ಚಾಪೆಗಳ ಮೇಲೆ ನಾವು. ಮೇಡಂ ನಕ್ಷೆಯನ್ನು ಗೋಡೆಗೆ ಅಂಟಿಸಿ, ಗಂಡಸರ ತಲೆಗಳ ಮೇಲಿಂದ ನಮ್ಮನ್ನೇ ನೋಡಿ ಕೇಳಿದರು. ನನ್ನ ಚಿಕ್ಕಪ್ಪನ ಮಗ ನೆಲ ನೋಡುತ್ತ ಅದನ್ನು ನಮ್ಮ ಮಾತಿಗೆ ತಂದ.

"ಹೆಂಗಸರಿಗೆ, ಆ... ಅದರ ಬಗ್ಗೆ, ಏನಾದ್ರೂ ಹೇಳೋದು ಇದ್ಯಾ ಅಂತ ಕೇಳ್ತಿದ್ದಾರೆ."

ಎಪ್ಪತ್ತು ಹೆಂಗಸರು ಎಪ್ಪತ್ತು ಕಡೆ ನೋಡಿದೆವು. ಅಧ್ಯಕ್ಷ ಸೈಲಸ್ ಸೂರಿನ ತೊಲೆಗಳನ್ನು ಎಣಿಸುವವನಂತೆ ಕತ್ತೆತ್ತಿ ಕೂತಿದ್ದ. ಮೇಡಂ ಐದು ನಿಮಿಷ ಕಾದರು. ಆಮೇಲೆ ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡರು. ಪಕ್ಕದಲ್ಲಿ ನೆಸ್ಟಾ ಕೂತಿದ್ದಳು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಟೀ ಕುಡಿದು ಸಹಿ ಹಾಕೋಣ ಎಂದರು ಮೇಡಂ. ಗಂಡಸರೆಲ್ಲ ಅಡಿಕೆ ಹಾಕಲು ಹೊರಗೆ ಹೋದರು, ಮೇಡಂ ಒಳಗೇ ಟೀ ಹಿಡಿದು ಕೂತರು.

ಆ ಸಭಾಂಗಣಕ್ಕೆ ಇರುವುದು ಒಂದೇ ಬಾಗಿಲು. ಎರಡನೆಯದು ಅದನ್ನು ಕಟ್ಟಿದಾಗಿನ ನಕ್ಷೆಯಲ್ಲಿ ಮಾತ್ರ ಇದೆ.

ನಾನು ಬರುವಾಗ ಒಂದು ಬಕೆಟ್ ತಂದಿದ್ದೆ. ಅದರೊಳಗೆ ಒಗೆದು ಹಿಂಡಿದ ಲಂಗಗಳಿದ್ದವು, ನನ್ನವು ನಾಲ್ಕು, ಸತ್ತುಹೋದ ನಮ್ಮಜ್ಜಿಯದು ಒಂದು. ಬಾಗಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿದೆ. ಎತೆಲ್ ಅತ್ತಿಗೆ ಒಂದು ಮಾತೂ ಕೇಳದೆ ಇನ್ನೊಂದು ತುದಿ ಹಿಡಿದುಕೊಂಡಳು. ಐದು ಲಂಗವನ್ನೂ ಹರವಿದೆವು. ನಮ್ಮಲ್ಲಿ ಹೆಂಗಸರ ಬಟ್ಟೆಯ ಕೆಳಗೆ ಗಂಡಸರು ತಲೆ ತೂರಿಸುವುದಿಲ್ಲ, ಪ್ರಾಣ ಹೋದರೂ ಇಲ್ಲ. ಕೈಯಿಂದ ಮುಟ್ಟುವುದಂತೂ ದೂರದ ಮಾತು.

ಗಂಡಸರು ತಿರುಗಿ ಬಂದರು, ಮಾರು ದೂರದಲ್ಲಿ ನಿಂತರು.

"ಏ ಲೋರಿಸಾ!" ಎಂದು ಕೂಗಿದ ಮುದುಕ ಫೆಸ್ಟಸ್ ಮಾಮ. "ಬಟ್ಟೆ ಒಣಗಿಸೋಕೆ ನಿಂಗೆ ಇದೇ ಜಾಗ ಸಿಕ್ತೇನೇ?"

"ಬಿಸಿಲು ಇಲ್ಲೇ ಚೆನ್ನಾಗಿದೆ ಮಾಮ."

ಆ ದಿನ ಮೋಡ ಕವಿದಿತ್ತು.

"ತೆಗೀತೀಯೋ ಇಲ್ವೋ?"

"ಇನ್ನೂ ಹಸಿ ಇದೆ. ಅರ್ಜೆಂಟ್ ಇದ್ರೆ ನೀವೇ ಬಂದು ತೆಗೀರಿ ಮಾಮ."

ಫೆಸ್ಟಸ್ ಮಾಮ ಎರಡು ಹೆಜ್ಜೆ ಹಿಂದಕ್ಕೆ ಹೋದ. ಸೈಲಸ್ ಬೆನ್ನು ತಿರುಗಿಸಿ ಮಾವಿನ ಮರದ ಕೆಳಗೆ ಹೋಗಿ ಕೂತ. ಉಳಿದವರೂ ಅವನ ಹಿಂದೆ ಹೋದರು, ಇಂಗ್ಲಿಷ್ ಬಲ್ಲ ನನ್ನ ಚಿಕ್ಕಪ್ಪನ ಮಗನೂ ಹೋದ. ನಾನಿದನ್ನು ಯೋಚಿಸಿರಲಿಲ್ಲ. ಒಳಗೆ ಎಪ್ಪತ್ತು ಹೆಂಗಸರು, ಒಬ್ಬ ಮೇಡಂ, ನಡುವೆ ಮಾತೇ ಇಲ್ಲ. ನೆಸ್ಟಾ ಎದ್ದು ಮುಂದೆ ಹೋಗಿ ನಿಂತಳು. ಅವಳಿಗೆ ಶಾಲೆಯ ಇಂಗ್ಲಿಷ್ ಬರುತ್ತದೆ.

"ಅವ್ರು ಯಾಕೆ ಒಳಗೆ ಬರ್ತಿಲ್ಲ?" ಎಂದರು ಮೇಡಂ.

"ಬಟ್ಟೆ ಒಣಗೋವರೆಗೆ ಬರಲ್ಲ ಮೇಡಂ."

"ಎಷ್ಟು ಹೊತ್ತು ಬೇಕು ಒಣಗೋಕೆ?"

ನೆಸ್ಟಾ ನನ್ನ ಮುಖ ನೋಡಿದಳು. "ನಾವು ಮಾತಾಡಿ ಮುಗಿಸೋವರೆಗೆ."

ಆಮೇಲೆ ಅವಳು ಯಾರನ್ನೂ ಕೇಳದೆ ತಾನೇ ಹೇಳಿದಳು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮಗೆ. "ನಾನು ಬೆಳಿಗ್ಗೆಯಿಂದ ನೀರು ಕುಡಿದಿಲ್ಲ. ನಿನ್ನೇನೂ ಕುಡಿದಿರ್ಲಿಲ್ಲ. ಆ ಬಾಗಿಲುಗಳ ಎದುರಿಗೆ ನಮ್ಮಣ್ಣಂದಿರು ಕೂತಿರ್ತಾರೆ."

ಮೇಡಂ ಪೆನ್ನು ಕೆಳಗಿಟ್ಟರು. ಮುಖ ಕೆಂಪಾಯಿತು. "ಹಾಗಾದ್ರೆ ಅಷ್ಟು ಕ್ಲೀನಾಗಿರೋದು... ಅದನ್ನ ಯಾರು ಬಳಸ್ತಿದ್ದಾರೆ?"

"ನಾನು ಬಳಸ್ತೀನಿ," ಎಂದಳು ಎತೆಲ್ ಅತ್ತಿಗೆ. "ಅಕ್ಕಿ ಇಡೋಕೆ. ಇಲಿ ಕಾಟ ಇಲ್ಲ."

ಬಾಯಿಗೆ ಹಾಕಿದ ಬೀಗ ಆಗ ಕಳಚಿತು. ಎರಡು ಗಂಟೆ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದೆವು. ಬಾಗಿಲುಗಳು ಹಿಂದಕ್ಕೆ ತಿರುಗಬೇಕು, ರಸ್ತೆಗೆ ಬರೀ ಗೋಡೆ. ಹಿಂದಿನಿಂದ ಕಾಲುದಾರಿ, ಪಕ್ಕದಲ್ಲೇ ಸೌದೆ ಕೊಟ್ಟಿಗೆ. ಸೌದೆಗೆ ಹೊರಟವಳು ಸೌದೆಗೇ ಹೊರಟಿದ್ದಾಳೆ, ಯಾರೂ ಕೇಳುವಂತಿಲ್ಲ. ಹಿಂಭಾಗ ಮರೆಯಾದರೆ ಅಪಾಯವಲ್ಲವೇ ಎಂದರು ಮೇಡಂ. ಅದು ಸರಿಯಾದ ಪ್ರಶ್ನೆಯೇ.

"ಹೊಸ ಅಡುಗೆಮನೆಗಳ ಬಾಗಿಲು ಆ ದಾರಿ ಕಡೆಗೇ ಇಡಿ ಮೇಡಂ," ಎಂದಳು ಎತೆಲ್. "ನಾವು ಕಾಯ್ತೀವಿ. ನಾವು ನೋಡಿದ್ರೆ ಯಾರಿಗೂ ಹಂದಿ ಕೊಡ್ಬೇಕಾಗಿಲ್ಲ."

ಮೇಡಂ ನಕ್ಷೆಯನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಹಾಸಿ, ಮೊಣಕಾಲೂರಿ ಕೂತು ಕೆಂಪು ಪೆನ್ಸಿಲ್ಲಿನಿಂದ ಗೀಚಿದರು. ನಮ್ಮ ಹಳೆಯ ಆರನ್ನೂ ಮೊದಲು ತಿರುಗಿಸುವುದು ಎಂದು ಬರೆದರು. ಆಮೇಲೆ ನಾನು ಹಗ್ಗ ಬಿಚ್ಚಿದೆ. ಲಂಗಗಳು ಹಸಿಯಾಗಿಯೇ ಇದ್ದವು.

ಗಂಡಸರು ಒಳಗೆ ಬಂದರು. ಫೆಸ್ಟಸ್ ಮಾಮ ಬೆಂಚು ಗುದ್ದಿದ. "ಇದಕ್ಕೆ ಹಂದಿ ಕೊಡ್ಲೇಬೇಕು! ಗಂಡಸರ ಮರ್ಯಾದೆ ಏನಾಯ್ತು?"

"ಯಾರಾದ್ರೂ ಬಟ್ಟೆ ಕೆಳಗೆ ನುಗ್ಗಿದ್ರಾ ಮಾಮ?" ಎಂದ ಸೈಲಸ್.

"ಇಲ್ಲ."

"ಮತ್ತೆ ಹಂದಿ ಯಾಕೆ?"

ಮೇಡಂ ಕೆಂಪು ಗೀಟುಗಳ ನಕ್ಷೆಯನ್ನು ಅವನ ಮುಂದೆ ಹರವಿದರು. ಅವನು ಸೂರು ನೋಡುತ್ತಲೇ ಪೆನ್ನು ತೆಗೆದುಕೊಂಡ.

"ಏನು ಬದಲಾಯ್ತು ಅಂತ ನೋಡಲ್ವಾ?" ಎಂದರು ಮೇಡಂ.

"ಹೆಂಗಸರು ನೋಡಿದ್ದಾರಲ್ಲ," ಎಂದು ಸಹಿ ಹಾಕಿ ಹೊರಟುಹೋದ.

ಮುಂದಿನ ಮೂರು ಭಾನುವಾರ ಅವನು ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ. ನನಗೆ ಅವನ ಮೇಲೆ ಬಹಳ ಸಿಟ್ಟಿತ್ತು. ಇವನು ಅಧ್ಯಕ್ಷನಾಗಿ ಮೊದಲೇ ಒಂದು ಮಾತು ಆಡಬಹುದಿತ್ತಲ್ಲ ಎಂದು. ಆಡುವಂತಿರಲಿಲ್ಲ ಎಂದು ಗೊತ್ತಿದ್ದೂ ಸಿಟ್ಟಿತ್ತು.

ಬಾಗಿಲು ತಿರುಗಲು ನಾಲ್ಕು ತಿಂಗಳು ಬೇಕಾಯಿತು. ಒಂದು ಭಾನುವಾರ ಪಾದ್ರಿ ಬಂದು ಪ್ರಾರ್ಥನೆ ಮಾಡಿದರು, ಯಾವುದರ ಸಲುವಾಗಿ ಎಂದು ಹೇಳದೆ. ಎತೆಲ್ ಅಕ್ಕಿ ಮೂಟೆಗಳನ್ನು ಮನೆಗೆ ಸಾಗಿಸಿ ದಿನವಿಡೀ ಗೊಣಗಿದಳು.

ಸೋಮವಾರ ಬೆಳಿಗ್ಗೆ ನಾನು, ನೆಸ್ಟಾ ರಸ್ತೆಬದಿಯ ನಲ್ಲಿಯ ಹತ್ತಿರ ಇದ್ದೆವು. ಮೇಲಿನಿಂದ ಯಾರೋ ಇಳಿದು ಬರುತ್ತಿದ್ದರು. ಸೈಲಸ್. ಗುಡ್ಡ ಹತ್ತದೆ ದೊಡ್ಡ ರಸ್ತೆಯಲ್ಲೇ, ನೀಟಾದ ಅಂಗಿ, ಕೈಯಲ್ಲಿ ಬುತ್ತಿ. ಆ ಬೋಳು ಗೋಡೆಯ ಪಕ್ಕದಲ್ಲೇ ನಡೆದು ಬಂದ. ಕುಂಟು ಗಿಂಟು ಏನೂ ಇರಲಿಲ್ಲ.

"ಮೊಣಕಾಲು ಹೇಗಿದೆ ಅಣ್ಣ?"

"ವಾಸಿಯಾಯ್ತು."

"ಯಾವಾಗ?"

"ಇವತ್ತು," ಎಂದ ನಲ್ಲಿಯನ್ನು ನೋಡುತ್ತ.

ಒಂದೂವರೆ ವರ್ಷ, ದಿನಾ ಎರಡು ಹೊತ್ತು, ಆ ಗುಡ್ಡ. ಅಕಸ್ಮಾತ್ ನಾನು ಆ ಬಾಗಿಲುಗಳ ಹತ್ತಿರ ಇದ್ದರೆ ತನ್ನ ಕಣ್ಣಿಗೆ ಬೀಳದಿರಲಿ ಎಂದು. ಅದರಿಂದ ನನಗೆ ಎಳ್ಳಷ್ಟೂ ಪ್ರಯೋಜನವಾಗಿರಲಿಲ್ಲ, ಕಟ್ಟೆಯ ಮೇಲೆ ಉಳಿದವರೆಲ್ಲ ಕೂತೇ ಇರುತ್ತಿದ್ದರು. ಆದರೂ ನನಗೆ ಅಳು ಬಂತು. ಅಣ್ಣನೆದುರು ಅಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಸೈಲಸ್ ಕೆಮ್ಮಿ, ನೆಸ್ಟಾಳ ಕೈಯಲ್ಲಿದ್ದ ಬಾಟಲಿಯನ್ನು ನೋಡಿದ.

"ಶಾಲೆಗಾ ಮಗಳೇ?"

"ಹೂಂ ಮಾವ."

"ಬಿಸಿಲು ಜೋರಿದೆ. ಕುಡಿ."

ನೆಸ್ಟಾ ಅಲ್ಲೇ ನಿಂತು ಇಡೀ ಬಾಟಲಿಯನ್ನು ಗಟಗಟನೆ ಕುಡಿದಳು. ಆಮೇಲೆ ಮತ್ತೆ ನಲ್ಲಿಗೆ ಹಿಡಿದು ತುಂಬಿಸಿಕೊಂಡಳು. ಅದು ತುಂಬುವವರೆಗೂ ಸೈಲಸ್ ನಿಂತಿದ್ದ, ಬಂದರಿಗೆ ಹೊತ್ತಾಗುತ್ತಿದ್ದರೂ.