ಮೂರನೇ ಎಣಿಕೆ ಬಾಕಿಯಿದ್ದ ದೆವ್ವ

ಗುಡುಗಮ್ಮನಿಗೆ ದೆವ್ವದ ಬಣ್ಣ ಬಳಿಯುತ್ತಿದ್ದವಳು ಅವಳ ಸ್ವಂತ ಮಗಳು. ಆ ಕೋಣೆಯಲ್ಲಿದ್ದವರ ಪೈಕಿ ಆ ವಿಷಯ ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ.

"ಮೇಡಂ, ಸ್ವಲ್ಪ ಕತ್ತು ಎತ್ತಿ," ಎಂದಳು ಮಗಳು. ಹೆತ್ತ ತಾಯಿಯನ್ನು ಮೇಡಂ ಎನ್ನುವಾಗ ಆ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಗುಡುಗಮ್ಮ ಕತ್ತು ಎತ್ತಿದಳು. ಮುಖ, ಕತ್ತು, ಮೊಣಕೈವರೆಗೂ ಎರಡು ಕೈ, ಎಲ್ಲ ಪಾಚಿ ಹಸಿರು. ಬ್ರಷ್ಷು ಹಿಡಿದ ಮಗಳ ಕೈ ಹಗುರವಾಗಿತ್ತು, ಕೆಲಸ ಅಚ್ಚುಕಟ್ಟಾಗಿತ್ತು. ಆ ಮೇಡಂ ಒಳಗೊಳಗೇ ಚುಚ್ಚುತ್ತಿದ್ದರೂ ಗುಡುಗಮ್ಮ ಅದನ್ನು ಮೆಚ್ಚಿಕೊಳ್ಳದೆ ಇರಲಿಲ್ಲ.

ಗುಡುಗಮ್ಮ ಎಂದರೆ ರಿಂಗಿನ ಹೆಸರು. ಬೀರುವಿನಂಥ ಮೈಕಟ್ಟು, ಪಕ್ಕದ ಬೀದಿಗೂ ಕೇಳುವ ಗಂಟಲು. ಈ ಹಳೆಯ ಸಭಾಂಗಣದಲ್ಲಿ, ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡು ಆಡುವ ಪ್ರದರ್ಶನದ ಕುಸ್ತಿಯನ್ನು ಇಪ್ಪತ್ತೈದು ವರ್ಷದಿಂದ ಆಡುತ್ತಿದ್ದಾಳೆ, ಇಪ್ಪತ್ತೈದು ವರ್ಷದಿಂದ ಸೋಲುತ್ತಿದ್ದಾಳೆ. ಅದೇ ಅವಳ ಕಸುಬು. ಆರ್ಭಟಿಸುತ್ತ ಬಂದು ಜನರ ಎದೆ ನಡುಗಿಸಬೇಕು, ಕಡೆಗೆ ಕಡ್ಡಿಯಂಥ ಯಾವಳೋ ಹುಡುಗಿಯ ಕೈಲಿ ಎತ್ತಿ ಬಿಸಾಕಿಸಿಕೊಳ್ಳಬೇಕು. ಗೆದ್ದವಳಿಗೆ ಚಪ್ಪಾಳೆ, ಇವಳಿಗೆ ಬೆನ್ನುನೋವು. ಅದರ ಬಗ್ಗೆ ಗುಡುಗಮ್ಮನಿಗೆ ಯಾವ ಕೊರಗೂ ಇರಲಿಲ್ಲ. ತನ್ನ ಹಾಗೆ ಬೀಳಬಲ್ಲವರು ಯಾರಿದ್ದಾರೆ ತೋರಿಸಿ ಎಂದು ಎದೆ ತಟ್ಟಿ ಕೇಳುವ ಹೆಂಗಸು ಅವಳು.

ಕೊರಗಿದ್ದದ್ದು ಮಗಳಿಗೆ. ನಿಮ್ಮಮ್ಮ ನಿನ್ನೆಯೂ ಬಿದ್ದಳಂತೆ ಎಂದು ಶಾಲೆಯಲ್ಲಿ ಹುಡುಗಿಯರು ಆಡಿಕೊಂಡ ದಿನದಿಂದ ಅವಳು ಈ ಸಭಾಂಗಣಕ್ಕೆ ಕಾಲಿಟ್ಟಿರಲಿಲ್ಲ. ಈಗ ಟೀವಿಯವರ ಮೇಕಪ್ ತಂಡದಲ್ಲಿ ಸಹಾಯಕಿಯಾಗಿದ್ದಾಳೆ, ಕೆಲಸವೇ ಅವಳನ್ನು ಇಲ್ಲಿಗೆ ಎಳೆದು ತಂದಿದೆ. ತಂದಿದೆಯಲ್ಲ, ಅಷ್ಟು ಸಾಕು ಎಂದುಕೊಂಡಳು ಗುಡುಗಮ್ಮ. ಈ ಹುಡುಗಿ ಒಂದೇ ಒಂದು ಸಲ ತನ್ನ ಕೆಲಸವನ್ನು ಕಣ್ಣುಬಿಟ್ಟು ನೋಡಬೇಕು, ನೋಡಿ ಇವಳು ನನ್ನಮ್ಮ ಎನ್ನಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಟೀವಿಯವರು ಇಲ್ಲಿ ತೆಗೆಯುತ್ತಿದ್ದ ಧಾರಾವಾಹಿ ದೆವ್ವದ್ದು, ನಗಿಸುವಂಥದ್ದು. ವಾರಕ್ಕೊಂದು ದೆವ್ವ. ಹಿಂದಿನ ವಾರ ಗಿರಾಕಿಗಳ ತಲೆ ಬೋಳಿಸುವ ಕ್ಷೌರಿಕನ ದೆವ್ವವಾಗಿತ್ತು, ಈ ವಾರ ಕುಸ್ತಿಯವಳದು. ಪಂದ್ಯದಲ್ಲಿ ಬಿದ್ದವರ ಎರಡೂ ಭುಜ ನೆಲಕ್ಕೆ ತಾಗಿರುವಾಗ ರೆಫರಿ ಮೂರು ಎಣಿಸಿದರೆ ಸೋಲು, ಎರಡು ಎಣಿಸಿದಾಗಲೇ ಇವಳ ಪ್ರಾಣ ಹೋಗಿದೆ. ಮೂರನೆಯದು ಬಾಕಿ ಉಳಿದದ್ದರಿಂದ ಆತ್ಮಕ್ಕೆ ಶಾಂತಿಯಿಲ್ಲ. ಸೋಲಿಸಿ ಮೂರು ಎಣಿಸುವವರು ಸಿಗುವ ತನಕ ರಿಂಗಿನ ಅಡಿಯಿಂದ ಎದ್ದೆದ್ದು ಬಂದು ಸಿಕ್ಕ ಕುಸ್ತಿಯವರನ್ನೆಲ್ಲ ನುಂಗುತ್ತಾಳೆ. ನಿರ್ದೇಶಕ ಇದನ್ನು ಎಷ್ಟು ಗಂಭೀರವಾಗಿ ವಿವರಿಸಿದನೆಂದರೆ ನಗಲು ಯಾರಿಗೂ ಧೈರ್ಯ ಬರಲಿಲ್ಲ. ತಲೆಯ ಮೇಲೆ ದಾರಕ್ಕೆ ಕಟ್ಟಿದ ರಬ್ಬರ್ ಬಾವಲಿಗಳು ತೂಗುತ್ತಿದ್ದವು. ಹೊಗೆಯ ಯಂತ್ರ ಹೊಗೆ ಬಿಡುವುದಕ್ಕಿಂತ ಹೆಚ್ಚು ಕೆಮ್ಮುತ್ತಿತ್ತು.

ನಾಯಕಿ ಹೊಸಬಳು, ಗಾಳಿ ಬಂದರೆ ಹಾರಿಹೋಗುವಂತಿದ್ದಳು. ಅವಳು ಗುಡುಗಮ್ಮನನ್ನು ಎತ್ತುವುದು ಆಗದ ಮಾತೆಂದು ನಿರ್ದೇಶಕ ತಂತಿ, ರಾಟೆ ಎಲ್ಲ ತರಿಸಿದ್ದ. ಹುಡುಗಿ ಎಡವಟ್ಟು ಮಾಡಿದರೆ ಬೇರೆಯವಳನ್ನು ಹಾಕಿಕೊಳ್ಳುತ್ತೇನೆ ಎಂದು ಅವಳಿಗೆ ಕೇಳಿಸುವ ಹಾಗೆಯೇ ಗೊಣಗಿದ್ದ. ಗುಡುಗಮ್ಮ ತಂತಿಯನ್ನು ಒಂದು ಸಲ ನೋಡಿ, ತೆಗೆದಿಡಿ ಎಂದಳು. ಕುಸ್ತಿಯಲ್ಲಿ ಎತ್ತುವವರು ಎತ್ತುವುದಿಲ್ಲ, ಎತ್ತಿಸಿಕೊಳ್ಳುವವರೇ ಹಾರಿ ಹೆಗಲೇರುತ್ತಾರೆ. ನೀನು ಕೈಯಿಟ್ಟರೆ ಸಾಕು, ಮಿಕ್ಕಿದ್ದು ನನಗೆ ಬಿಡು ಎಂದು ಹುಡುಗಿಗೆ ಹೇಳಿಕೊಟ್ಟು, ಎಲ್ಲರ ಕಣ್ಣೆದುರೇ ಅವಳ ಹೆಗಲ ಮೇಲೆ ಒಮ್ಮೆ ಹೂವಿನ ಮೂಟೆಯ ಹಾಗೆ ಕೂತು ಇಳಿದಳು. ತಂತಿ ಪೆಟ್ಟಿಗೆ ಸೇರಿತು.

ರೆಫರಿ ಗುಡುಗಮ್ಮನ ತಂಗಿ. ಅವರ ಅಪ್ಪನೂ ರೆಫರಿಯಾಗಿದ್ದವನೇ. ಪಂದ್ಯದ ಕಥೆ ಏನೇ ಇರಲಿ, ಎರಡು ಭುಜವೂ ನೆಲಕ್ಕೆ ತಾಗಿದ್ದರೆ ಕೈ ತನ್ನ ಪಾಡಿಗೆ ಎಣಿಸಬೇಕು ಎಂದು ಈ ಕಿರಿಮಗಳ ತಲೆಗೆ ಅರೆದು ತುಂಬಿಸಿದ್ದ. ಆಕೆ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಕಥೆಯ ಪ್ರಕಾರ ಗೆಲ್ಲಬೇಕಿದ್ದ ತನ್ನ ಗಂಡನನ್ನೇ, ಭುಜ ಎತ್ತುವುದು ತಡವಾಯಿತೆಂದು, ಮೂರು ಎಣಿಸಿ ಸೋಲಿಸಿದ್ದಳು. ಆಮೇಲೆ ಮನೆಯಲ್ಲಿ ಎಷ್ಟೋ ದಿನ ಮಾತುಕತೆ ಇರಲಿಲ್ಲ.

ಪಂದ್ಯವನ್ನು ಒಂದೇ ಓಟದಲ್ಲಿ ತೆಗೆಯುತ್ತೇವೆ, ಆಕಾಶ ಕಳಚಿ ಬಿದ್ದರೂ ನಿಲ್ಲಿಸಬಾರದು ಎಂದು ನಿರ್ದೇಶಕ ಸಾರಿದ. ನೋಡಲು ಕೂತವರು ಸಭಾಂಗಣದ ಹಳೆಯ ಗಿರಾಕಿಗಳೇ, ಗುಡುಗಮ್ಮನ ಒಂದೊಂದು ಸೋಲನ್ನೂ ಕಂಡವರು.

ದೆವ್ವ ಎದ್ದು ಬರಬೇಕಿದ್ದ ಶವಪೆಟ್ಟಿಗೆಯ ಮುಚ್ಚಳ ಮೊದಲಿಗೇ ಸಿಕ್ಕಿಕೊಂಡಿತು. ಗುಡುಗಮ್ಮ ಒಳಗಿನಿಂದ ಒದ್ದಳು, ಮುಚ್ಚಳ ಹಾರಿ ಮೊದಲ ಸಾಲಿನವರ ತೊಡೆಯ ಮೇಲೆ ಬಿತ್ತು. ಜನ ಕಿರುಚಿದರು, ಕಿರುಚಿದ್ದಕ್ಕೆ ತಾವೇ ನಕ್ಕರು. ಅವಳು ಇಬ್ಬರು ಕುಸ್ತಿಯವರನ್ನು ಒಬ್ಬರಾದ ಮೇಲೊಬ್ಬರಂತೆ ರಿಂಗಿನ ಅಡಿಗೆ ಎಳೆದು ನುಂಗಿ, ತೃಪ್ತಿಯಿಂದ ತೇಗಿದಳು. ಒಂದು ಬಾವಲಿ ದಾರ ಕಿತ್ತುಕೊಂಡು ನಿರ್ದೇಶಕನ ನೆತ್ತಿಯ ಮೇಲೆ ಕೂತಿತು. ಎಲ್ಲವೂ ಸೊಗಸಾಗಿ ನಡೆದಿತ್ತು.

ಆಮೇಲೆ ಗುಡುಗಮ್ಮ ನಾಯಕಿಯನ್ನು ಕೆಡವಿ ಮೇಲೆ ಬಿದ್ದಳು. ಎರಡು ಎಣಿಸಿದೊಡನೆ ನಾಯಕಿ ಭುಜ ಎತ್ತಿ ತಪ್ಪಿಸಿಕೊಳ್ಳಬೇಕು ಎಂದಿತ್ತು. ತಂಗಿಯ ಕೈ ರಿಂಗಿನ ನೆಲದ ಹಲಗೆಗೆ ಬಡಿಯಿತು. ಒಂದು. ನಾಯಕಿಯ ಕಣ್ಣು ತೆರೆದೇ ಇತ್ತು, ಉಸಿರೂ ಆಡುತ್ತಿತ್ತು, ಆದರೆ ಮುಖದಲ್ಲಿ ಏನೂ ಇರಲಿಲ್ಲ. ವೇದಿಕೆ ಹತ್ತಿದ ಮಗು ಪದ್ಯ ಮರೆಯುವ ಹಾಗೆ ಹುಡುಗಿ ಎಲ್ಲ ಮರೆತಿದ್ದಳು. ಭುಜ, ಭುಜ ಎಂದು ಗುಡುಗಮ್ಮ ಪಿಸುಗುಟ್ಟಿದಳು. ಕೇಳಿಸಲಿಲ್ಲ. ಎರಡು.

ಮೂರನೆಯದು ಬಂದೇ ಬರುತ್ತದೆಂದು ಗುಡುಗಮ್ಮನಿಗೆ ಗೊತ್ತಿತ್ತು. ತಂಗಿ ಕಥೆಗಾಗಿ ಕೈ ತಡೆಯುವವಳಲ್ಲ. ಹಳೆಯ ಗಿರಾಕಿಗಳು ಕುರ್ಚಿ ಬಿಟ್ಟು ಎದ್ದರು. ಗುಡುಗಮ್ಮನ ಇಡೀ ಆಯುಷ್ಯದಲ್ಲಿ ಮೊದಲ ಸಲ, ಯಾರೋ ಅವಳ ಹೆಸರು ಹಿಡಿದು ಕೂಗಿದರು. ಮೂಲೆಯ ಕಂಬದ ಬಳಿ ಪೌಡರ್ ಡಬ್ಬಿ ಹಿಡಿದು ಮಗಳು ನಿಂತಿದ್ದಳು, ಕಣ್ಣು ಇತ್ತಲೇ ಇತ್ತು. ಗೆಲ್ಲಲು ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ಹುಡುಗಿಯ ಮೇಲೆ ಬಿದ್ದುಕೊಂಡಿದ್ದರೆ ಆಗುತ್ತಿತ್ತು. ಮಗಳ ಮುಂದೆ ಗೆಲ್ಲುವ ಆಸೆ ಗುಡುಗಮ್ಮನಿಗೆ ಬಂತು.

ಕೆಳಗಿದ್ದ ಹುಡುಗಿಯ ಗಲ್ಲ ನಡುಗಲು ಶುರುವಾಯಿತು. ಇವಳೂ ಯಾರದೋ ಮಗಳು, ನಾಳೆ ಇವಳನ್ನೂ ಆಡಿಕೊಳ್ಳುತ್ತಾರೆ. ಗುಡುಗಮ್ಮ ಅಂಗೈಯನ್ನು ಹುಡುಗಿಯ ಭುಜದಡಿಗೆ ತೂರಿಸಿ ಬಲವಾಗಿ ಎತ್ತಿದಳು. ಭುಜ ಚಿಮ್ಮಿತು, ತಾನು ದೂರ ಉರುಳಿದಳು. ತಂಗಿಯ ಕೈ ಹಲಗೆಗೆ ಬೆರಳಷ್ಟು ಮೇಲೆ ನಿಂತುಬಿಟ್ಟಿತು.

ಸಭಾಂಗಣ ಹಾರಿಹೋಗುವಷ್ಟು ಗದ್ದಲವೆದ್ದಿತು, ಎಲ್ಲ ನಾಯಕಿಗೆ. ಆ ಗದ್ದಲಕ್ಕೆ ಹುಡುಗಿಗೆ ಜೀವ ಬಂತು. ಕೈಯಿಟ್ಟಳು, ಗುಡುಗಮ್ಮ ಹಾರಿದಳು, ಹುಡುಗಿಯ ಹೆಗಲ ಮೇಲಿಂದ ಹಲಗೆ ಬಿರಿಯುವ ಹಾಗೆ ಬಿದ್ದಳು. ಒಂದು, ಎರಡು, ಮೂರು. ಹೊಗೆ ಕೆಮ್ಮಿತು, ದೆವ್ವ ನೆಲದ ಬಾಗಿಲಿನಿಂದ ಕೆಳಗಿಳಿದು ಮುಕ್ತಿ ಪಡೆಯಿತು.

ಮುಕ್ತಿ ಪಡೆದ ದೆವ್ವ ರಿಂಗಿನ ಅಡಿಯಿಂದ ತೆವಳಿ ಹೊರಬಂದಾಗ ಜನ ನಾಯಕಿಯನ್ನು ಮುತ್ತಿಕೊಂಡಿದ್ದರು. ಎಲ್ಲಿಂದಲೋ ಒಂದು ಶಕ್ತಿ ಬಂತು ಎನ್ನುತ್ತಿದ್ದಳು ನಾಯಕಿ. ಅದಕ್ಕೇ ಅಭಿನಯ ಅನ್ನುವುದು ಎಂದ ನಿರ್ದೇಶಕ, ಬಾವಲಿಯನ್ನು ತಲೆಯಿಂದ ತೆಗೆಯುತ್ತ. ಮುಂದಿನ ಶಾಟ್‌ಗೆ ಬಣ್ಣ ಸರಿಮಾಡಲು ಮಗಳು ನಾಯಕಿಯ ಬೆನ್ನ ಹಿಂದೆ ಹೋದಳು, ಹೋದವಳು ಹತ್ತಿ ಹಿಡಿದು ಹಾಗೇ ನಿಂತಳು. ನಾಯಕಿಯ ಹಿಂಭುಜದ ಮೇಲೆ ಪಾಚಿ ಹಸಿರಿನ ಒಂದು ಇಡೀ ಅಂಗೈ ಮೂಡಿತ್ತು. ಐದು ಬೆರಳೂ ಅಚ್ಚೊತ್ತಿದ ಹಾಗಿದ್ದವು, ಕಿರುಬೆರಳು ಸೊಟ್ಟಗಿತ್ತು. ಅಮ್ಮನ ಆ ಬೆರಳು ಯಾವ ಪಂದ್ಯದಲ್ಲಿ ಮುರಿದದ್ದೆಂದು ಮಗಳಿಗೆ ಗೊತ್ತು.

ಯಾರೂ ನೋಡುವ ಮೊದಲೇ ಅವಳು ಅದನ್ನು ಒರೆಸಿದಳು. ಒರೆಸಿ, ಬೆಳಕಿನವರು, ಕ್ಯಾಮೆರಾದವರು, ನಿರ್ದೇಶಕ ಎಲ್ಲರನ್ನೂ ದಾಟಿಕೊಂಡು ನೇರವಾಗಿ ಗುಡುಗಮ್ಮನ ಬಳಿಗೆ ಬಂದಳು.

"ಅಮ್ಮಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ. ಬೆಳಕಿನವರು ತಿರುಗಿ ನೋಡಿದರು. ಆಮೇಲೆ ದನಿ ತಗ್ಗಿಸಿದಳು. "ನೀನು ಗೆದ್ದಿದ್ದೆ. ಅವಳ ಭುಜ ಎತ್ತಿದ್ದು ನೀನೇ."

"ಮೆಲ್ಲಗೆ ಮಾತಾಡೇ. ತಾನೇ ಎತ್ತಿದ್ದು ಅಂತ ಅಂದ್ಕೊಂಡಿದಾಳೆ."

"ಯಾವಾಗ್ಲೂ ಹೀಗೇನಾ ನೀನು?"

"ಯಾವಾಗ್ಲೂ. ಆದ್ರೆ ಯಾರಿಗೂ ಕಾಣಬಾರದು. ಕಂಡ್ರೆ ಕೆಲಸ ಕೆಟ್ಟ ಹಾಗೆ."

"ನಂಗೆ ಕಾಣಿಸ್ತಲ್ಲ."

ಮಗಳ ಕಣ್ಣು ತುಂಬಿತ್ತು. ಅವಳ ಕೈಯ ಹತ್ತಿಯಲ್ಲಿ ಹಸಿರು ಇನ್ನೂ ಒದ್ದೆಯಾಗಿತ್ತು.

"ಹಾಗಾದ್ರೆ ಇವತ್ತು ಕೆಟ್ಟಿತು ಬಿಡು," ಎಂದಳು ಗುಡುಗಮ್ಮ. ಅಷ್ಟು ಸಂತೋಷದಿಂದ ಅವಳು ಯಾವ ತಪ್ಪನ್ನೂ ಒಪ್ಪಿಕೊಂಡಿರಲಿಲ್ಲ.